ಗೋಥೆನ್‌ಬರ್ಗ್ ಫೈನಲ್ ಆಡಿದ ಎರಡೂ ದೇಶಗಳ ಟೆನಿಸ್ ಎಲ್ಲಿಗೆ ಹೋಯಿತು?

ಬಳ್ಳಾರಿ_ಗುಡ್ಡ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಅಟ್ಟ ಖಾಲಿ ಮಾಡುವಾಗ ಅಪ್ಪನ ಹಳೇ ಟೆನಿಸ್ ಬ್ಯಾಟ್ ಸಿಕ್ಕಿತು. ಮರದ್ದು. ಬಾಗಬಾರದು ಅಂತ ಮರದ ಚೌಕಟ್ಟಿನೊಳಗೆ ಇಟ್ಟು ನಾಲ್ಕೂ ಮೂಲೆಗೆ ನಟ್ಟು ಬಿಗಿದಿದ್ದರು. ನಟ್ಟಿಗೆಲ್ಲ ತುಕ್ಕು. ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದ ಮೇಲೆ ಬಿಚ್ಚಿಕೊಂಡವು. ಗಟ್ಟು (ಬ್ಯಾಟಿನ ಬಲೆಯ ದಾರ) ಎರಡು ಕಡೆ ಹರಿದಿದೆ, ಹಿಡಿಯ ಚರ್ಮ ಮುಟ್ಟಿದರೆ ಪುಡಿಯಾಗಿ ಕೈಗೆ ಅಂಟುತ್ತದೆ. ಆದರೆ ಬ್ಯಾಟ್ ಮಾತ್ರ ಸ್ವಲ್ಪವೂ ಬಾಗಿಲ್ಲ.

ಅಪ್ಪನಿಗೆ ಈಗ 74. ಬ್ಯಾಟ್ ಕೈಗೆ ಬಂದಿದ್ದೇ ತಡ, ನನ್ನ ಮಗಳನ್ನು ಕೂರಿಸಿಕೊಂಡು ಕಥೆ ಶುರು ಮಾಡಿದರು. 1987ರಲ್ಲಿ ನಮ್ಮವರು ಡೇವಿಸ್ ಕಪ್ (ದೇಶ ದೇಶಗಳ ನಡುವಿನ ಟೆನಿಸ್, ಒಂದು ಮುಖಾಮುಖಿಗೆ ಐದು ಪಂದ್ಯ) ಫೈನಲ್ ಆಡಿದ್ದು, ಅದಕ್ಕೂ ಮುಂಚೆ ಸಿಡ್ನಿಗೆ ಹೋಗಿ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 3-2ರಿಂದ ಸೋಲಿಸಿದ್ದು, ಕೊನೆಯ ಪಂದ್ಯದಲ್ಲಿ ರಮೇಶ್ ಕೃಷ್ಣನ್ ವಾಲಿ ಮಸೂರ್‌ನನ್ನು ಸೋಲಿಸಿದ ಸುದ್ದಿ ಬಂದಾಗ ಇಲ್ಲಿ ಕ್ಲಬ್ಬಿನಲ್ಲಿ ಎಲ್ಲರಿಗೂ ಮಿರ್ಚಿ ಮಂಡಕ್ಕಿ ಹಂಚಿದ್ದು. ಮಗಳಿಗೆ ಹತ್ತು ವರ್ಷ. ಎಲ್ಲ ಕೇಳಿಸಿಕೊಂಡು ಮೊಬೈಲ್‌ನಲ್ಲಿ ಹುಡುಕಿ, "ತಾತ, ಈಗ ಸಿಂಗಲ್ಸ್‌ನಲ್ಲಿ ಮೊದಲ ನೂರರಲ್ಲಿ ನಮ್ಮವರು ಒಬ್ಬರೂ ಇಲ್ವಲ್ಲಾ" ಅಂದಳು. ಅಪ್ಪ ಸುಮ್ಮನಾದರು.

ನನ್ನ ಪ್ರಶ್ನೆ ಇಷ್ಟೇ. 1966, 1974, 1987, ಮೂರು ಸಲ ಫೈನಲ್ ಮುಟ್ಟಿದ ದೇಶ ಆಮೇಲೆ ಒಂದು ಸಲವೂ ಮುಟ್ಟಲಿಲ್ಲ. ಯಾಕೆ? ಕ್ರಿಕೆಟ್ ಎಲ್ಲ ತಿಂದುಹಾಕಿತು ಅಂತ ಅಪ್ಪನ ಗೆಳೆಯರು ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 1987ರ ಆ ಫೈನಲ್‌ನಲ್ಲಿ, ಗೋಥೆನ್‌ಬರ್ಗ್‌ನಲ್ಲಿ, ನಮ್ಮನ್ನು 5-0 ಅಂತ ಸೋಲಿಸಿದ ಸ್ವೀಡನ್ ನೋಡಿ. 1983ರಿಂದ 1989ರವರೆಗೆ ಪ್ರತಿ ವರ್ಷ ಫೈನಲ್ ಆಡಿದ ದೇಶ ಅದು. 1988ರಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲಾಮ್ (ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳು) ಪುರುಷರ ಸಿಂಗಲ್ಸ್ ಗೆದ್ದವರು ಸ್ವೀಡನ್ನಿನವರೇ, ವಿಲಾಂಡರ್ ಮೂರು, ಎಡ್ಬರ್ಗ್ ಒಂದು. 2002ರಲ್ಲಿ ಥಾಮಸ್ ಯೋಹಾನ್ಸನ್ ಆಸ್ಟ್ರೇಲಿಯನ್ ಓಪನ್ ಗೆದ್ದ ಮೇಲೆ ಅವರಲ್ಲೂ ಯಾರೂ ಸಿಂಗಲ್ಸ್ ಗ್ರ್ಯಾಂಡ್ ಸ್ಲಾಮ್ ಗೆದ್ದಿಲ್ಲ. ಅಲ್ಲಿ ಕ್ರಿಕೆಟ್ ಇಲ್ವಲ್ಲ? ಹಾಗಾದರೆ ಎರಡೂ ಕಡೆ ಏನಾಯಿತು? ತಿಳಿದವರು ಹೇಳಿ. ಅಪ್ಪನಿಗೆ ಓದಿ ಹೇಳಬೇಕು.

ಡ್ಯಾಂ_ಕಾಲೋನಿ_ಕಾಕಾ (ಮುನಿರಾಬಾದ್):

ತಮ್ಮಾ, ನಿಮ್ಮ ಅಪ್ಪಾಜಿಗೆ ಮೊದಲು ನನ್ನ ನಮಸ್ಕಾರ ಹೇಳಿ. ನಾನು ಅವರಿಗಿಂತ ಎರಡು ವರ್ಷ ದೊಡ್ಡವನು. ಡ್ಯಾಂ ಕೆಲಸಕ್ಕೆ ಬಂದ ಎಂಜಿನಿಯರುಗಳಿಂದ ನಾವು ಟೆನಿಸ್ ಕಲಿತಿದ್ದು. ನಿಮ್ಮ ಬಳ್ಳಾರಿ 1953ರ ತನಕ ಮದ್ರಾಸಿಗೆ ಸೇರಿತ್ತು, ನಮ್ಮ ಕೊಪ್ಪಳ 1956ರ ತನಕ ಹೈದರಾಬಾದಿಗೆ. ಬಳ್ಳಾರಿ ಕಡೆಯ ಹಿರಿಯರು ಮದ್ರಾಸಿನ ರಾಮನಾಥನ್ ಕೃಷ್ಣನ್ (ರಮೇಶ್ ಅಪ್ಪ) ಅಂದರೆ ಮನೆಯ ಹುಡುಗ ಅನ್ನುವ ಹಾಗೆ ಮಾತಾಡುತ್ತಿದ್ದರು. ನಾವು ಹೈದರಾಬಾದಿನವರು ಘೌಸ್ ಮಹಮ್ಮದ್ ಹೆಸರು ಹೇಳುತ್ತಿದ್ದೆವು. 1939ರಲ್ಲೇ ವಿಂಬಲ್ಡನ್ ಕ್ವಾರ್ಟರ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಅವರು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಒಂದೇ ಪದ. ಹುಲ್ಲು.

ರಾಮನಾಥನ್ ಕೃಷ್ಣನ್ 1954ರಲ್ಲಿ ಜೂನಿಯರ್ ವಿಂಬಲ್ಡನ್ ಗೆದ್ದರು. 1960, 1961 ಎರಡೂ ವರ್ಷ ವಿಂಬಲ್ಡನ್ ಸೆಮಿಫೈನಲ್ ಆಡಿದರು, ಒಮ್ಮೆ ನೀಲ್ ಫ್ರೇಸರ್‌ಗೆ, ಇನ್ನೊಮ್ಮೆ ರಾಡ್ ಲೇವರ್‌ಗೆ ಸೋತರು, ಆ ಇಬ್ಬರೂ ಆಯಾ ವರ್ಷ ಕಪ್ ಎತ್ತಿದವರು. ಆ ಕಾಲದಲ್ಲಿ ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಮೂರು ಹುಲ್ಲಿನ ಮೇಲೆ. ಫ್ರೆಂಚ್ ಒಂದೇ ಮಣ್ಣಿನ ಮೇಲೆ. ಹುಲ್ಲಿನ ಮೇಲೆ ಚೆಂಡು ತಗ್ಗಿ ಜಾರುತ್ತದೆ. ತೋಳಿನ ಬಲಕ್ಕಿಂತ ಮಣಿಕಟ್ಟು, ಕಣ್ಣು, ಚೆಂಡನ್ನು ಬೇಗ ಮುಟ್ಟುವ ಚುರುಕು ಕೆಲಸಕ್ಕೆ ಬರುತ್ತದೆ. ಕೃಷ್ಣನ್ ಸರ್ವ್ ದೊಡ್ಡದೇನಲ್ಲ, ಮಗ ರಮೇಶ್ ಸರ್ವ್ ಇನ್ನೂ ಮೆತ್ತಗೆ. ಆದರೆ ಚೆಂಡನ್ನು ಎಲ್ಲಿ ಇಡಬೇಕು ಅಂತ ಅಪ್ಪ ಮಗ ಇಬ್ಬರಿಗೂ ಗೊತ್ತಿತ್ತು.

1966ರಲ್ಲಿ ಕಲ್ಕತ್ತಾದಲ್ಲಿ ಬ್ರೆಜಿಲ್ ವಿರುದ್ಧ ಆಡಿದ್ದು ರೇಡಿಯೋ ಸುದ್ದಿಯಲ್ಲಿ ಕೇಳಿದ ನೆನಪು ನನಗೆ ಇನ್ನೂ ಇದೆ. ನಾನಾಗ ಹೈಸ್ಕೂಲು. ಲೆಕ್ಕ 2-2. ಕೊನೆಯ ಪಂದ್ಯದಲ್ಲಿ ಥಾಮಸ್ ಕಾಕ್ ಎರಡು ಸೆಟ್ ಗೆದ್ದಿದ್ದಾನೆ, ಕೃಷ್ಣನ್ ಒಂದು. ನಾಲ್ಕನೇ ಸೆಟ್ಟಿನಲ್ಲಿ ಕಾಕ್ 5-2 ಮುಂದೆ. ಇನ್ನೊಂದು ಗೇಮ್ ಹೋದರೆ ಮುಗಿಯಿತು. ಅಲ್ಲಿಂದ ಕೃಷ್ಣನ್ ಆ ಸೆಟ್ 7-5 ಅಂತ ಗೆದ್ದು, ಐದನೆಯದನ್ನೂ ಗೆದ್ದರು. ಆಮೇಲೆ ಮೆಲ್ಬರ್ನ್ ಫೈನಲ್‌ನಲ್ಲಿ ಆಸ್ಟ್ರೇಲಿಯಾಗೆ 4-1ರಿಂದ ಸೋತೆವು, ಸಿಕ್ಕ ಆ ಒಂದು ಗೆಲುವು ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿ ಡಬಲ್ಸ್‌ನಲ್ಲಿ ನ್ಯೂಕೋಂಬ್ ಮತ್ತು ರೋಚ್ ಜೋಡಿಯನ್ನು ಸೋಲಿಸಿದ್ದು. ಆ ಜೋಡಿ ಎಂಥದ್ದು ಅಂತ ಟೆನಿಸ್ ಗೊತ್ತಿರುವವರಿಗೆ ಹೇಳಬೇಕಿಲ್ಲ.

ಈಗ ಲೆಕ್ಕ ಹಾಕಿ. ಯುಎಸ್ ಓಪನ್ 1975ರಲ್ಲಿ ಹುಲ್ಲು ಬಿಟ್ಟಿತು. ಆಸ್ಟ್ರೇಲಿಯನ್ ಓಪನ್ ಹುಲ್ಲಿನ ಮೇಲೆ ಕೊನೆಯ ಸಲ ನಡೆದದ್ದು ಅದೇ 1987ರಲ್ಲಿ! ನಾವು ಕೊನೆಯ ಫೈನಲ್ ಆಡಿದ ವರ್ಷ. ಡೇವಿಸ್ ಕಪ್‌ನಲ್ಲಿ ಯಾರ ಮನೆಯಲ್ಲಿ ಆಟವೋ ಅವರು ಕೋರ್ಟ್ ಆರಿಸಬಹುದು. ನಾವು ದೆಹಲಿಯಲ್ಲಿ ಹುಲ್ಲಿನ ಮೇಲೆ ಅರ್ಜೆಂಟೀನಾವನ್ನು ಕೆಡವಿದೆವು, ವಿಜಯ್ ಅಮೃತರಾಜ್ ಸೋಲಿನ ಅಂಚಿಗೆ ಹೋಗಿ ವಾಪಸ್ ಬಂದು ಮಾರ್ಟಿನ್ ಹೈಟೆಯನ್ನು ಸೋಲಿಸಿದ್ದು ಆಗಲೇ. ಸಿಡ್ನಿಯಲ್ಲೂ ಹುಲ್ಲು. ಡಿಸೆಂಬರ್‌ನಲ್ಲಿ ಗೋಥೆನ್‌ಬರ್ಗ್‌ಗೆ ಹೋದರೆ ಸ್ವೀಡನ್ನಿನವರು ಒಳಾಂಗಣದಲ್ಲಿ ಮಣ್ಣು ಹಾಸಿ ಕೂತಿದ್ದರು. ಐದಕ್ಕೆ ಐದೂ ಹೋಯಿತು.

ಅದೇ ಹೊತ್ತಿಗೆ ಮರದ ಬ್ಯಾಟ್ ಹೋಗಿ ಗ್ರಾಫೈಟ್ ಬಂತು. ಆಮೇಲೆ ಪಾಲಿಯೆಸ್ಟರ್ ಗಟ್ಟು. ಗಟ್ಟಿ ನೆಲದ ಮೇಲೆ ಚೆಂಡು ಎದೆ ಮಟ್ಟಕ್ಕೆ ಏಳುತ್ತದೆ, ಹಿಂದಿನಿಂದ ಜೋರಾಗಿ ತಿರುಗಿಸಿ ಹೊಡೆಯುವವನ ಆಟ ಅದು. ನಮ್ಮ ಹುಡುಗರು ಕಲಿತದ್ದು ಬೇರೆ ಆಟ.

ರಾಯಚೂರು_ಅಮ್ಮ:

ಕಾಕಾ, ನೀವು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ, ಇನ್ನರ್ಧಕ್ಕೆ ಜಗಳ ಇದೆ, ಬೇಜಾರು ಮಾಡಿಕೊಳ್ಳಬೇಡಿ. 1993ರಲ್ಲಿ ಲಿಯಾಂಡರ್ ಪೇಸ್ ಮತ್ತು ಅದೇ ರಮೇಶ್ ಕೃಷ್ಣನ್ ಫ್ರಾನ್ಸ್‌ಗೆ ಹೋಗಿ, ಫ್ರೆಜ್ಯೂಸ್‌ನಲ್ಲಿ, ಮಣ್ಣಿನ ಮೇಲೆ, ಫ್ರಾನ್ಸನ್ನು 3-2ರಿಂದ ಸೋಲಿಸಿದರಲ್ಲ? ಅಲ್ಲಿ ಹುಲ್ಲು ಎಲ್ಲಿತ್ತು? ಆ ವರ್ಷ ಸೆಮಿಫೈನಲ್ ತನಕ ಹೋದೆವು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಪೇಸ್‌ಗೆ ಕಂಚು ಬಂದದ್ದೂ ಗಟ್ಟಿ ಕೋರ್ಟ್ ಮೇಲೆ. ಹುಲ್ಲು ಹೋಯಿತು ಸರಿ, ಆದರೆ ಆಡುವವರು ಇದ್ದರೆ ಹೊಸ ನೆಲವನ್ನೂ ಕಲಿಯುತ್ತಾರೆ.

ನನ್ನ ಮಗ ಎಂಟು ವರ್ಷ ಟೆನಿಸ್ ಆಡಿದ. ಹಾಗಾಗಿ ನಾನು ದುಡ್ಡಿನ ಕಡೆಯಿಂದ ಹೇಳುತ್ತೇನೆ.

ರಾಯಚೂರಿನಲ್ಲಿ ಅವನಿಗೆ ಸಮನಾಗಿ ಆಡುವವರು ಇಬ್ಬರೇ ಇದ್ದರು. ಟೂರ್ನಮೆಂಟ್ ಅಂದರೆ ರಾತ್ರಿ ಬಸ್ಸು, ಬೆಂಗಳೂರು ಇಲ್ಲಾ ಹೈದರಾಬಾದ್. ಮೊದಲ ಸುತ್ತಿನಲ್ಲಿ ಸೋತರೆ ಅವತ್ತೇ ರಾತ್ರಿ ವಾಪಸ್. ಹದಿಮೂರು ವರ್ಷಕ್ಕೆ ದೊಡ್ಡ ಊರಿನ ಒಂದು ಅಕಾಡೆಮಿಗೆ ಸೇರಿಸಿದೆವು. ಒಂದು ವರ್ಷದ ಫೀಸು ಕಟ್ಟಿಸಿಕೊಂಡರು. ಮೊದಲ ಎರಡು ತಿಂಗಳು ದೊಡ್ಡ ಕೋಚ್ ನೋಡಿಕೊಂಡರು, ಆಮೇಲೆ ನಾಲ್ಕು ಹುಡುಗರಿಗೆ ಒಂದು ಕೋರ್ಟು, ಚೆಂಡು ಎಸೆಯಲು ಒಬ್ಬ ಸಣ್ಣ ಹುಡುಗ. ಕೇಳಿದರೆ "ನಿಮ್ಮ ಮಗನಿಗೆ ರ್‍ಯಾಂಕಿಂಗ್ ಬರಲಿ, ಆಮೇಲೆ ನೋಡೋಣ" ಅಂದರು. ರ್‍ಯಾಂಕಿಂಗ್ ಬರಲಿ ಅಂತಲೇ ಅಲ್ವಾ ನಾವು ಸೇರಿಸಿದ್ದು? ಹತ್ತನೇ ಕ್ಲಾಸಿಗೆ ಬಂದಾಗ ಅವನೇ "ಸಾಕಮ್ಮ" ಅಂದ. ಆವತ್ತು ಅವನು ಬ್ಯಾಗಿನಿಂದ ಒಂದೊಂದೇ ಬ್ಯಾಟ್ ತೆಗೆದು ಗೋಡೆಗೆ ಒರಗಿಸಿ ಇಟ್ಟದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

2023ರಲ್ಲಿ ಕಲಬುರಗಿಯಲ್ಲಿ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಟೂರ್ನಿ ನಡೆಯಿತು, ಒಟ್ಟು 25 ಸಾವಿರ ಡಾಲರ್ ಬಹುಮಾನದ್ದು. ಇಬ್ಬರೂ ಹೋಗಿ ಎರಡು ದಿನ ನೋಡಿದೆವು. ಎಂಥ ಆಟ! ಟಿವಿಯಲ್ಲಿ ಗೊತ್ತಾಗದ ವೇಗ ಅದು. ಆದರೆ ಆ ಮಟ್ಟದಲ್ಲಿ ಬೇಗ ಸೋತವನಿಗೆ ಸಿಗುವ ದುಡ್ಡು ಪ್ರಯಾಣಕ್ಕೂ ಸಾಲುವುದಿಲ್ಲ. ಕೋಚ್ ಇಲ್ಲ, ಫಿಸಿಯೋ ಇಲ್ಲ, ತನ್ನ ಬಟ್ಟೆ ತಾನೇ ಒಗೆದುಕೊಂಡು ಊರಿಂದ ಊರಿಗೆ ಹೋಗುವವರೇ ಜಾಸ್ತಿ. ಅದೇ ವರ್ಷ ಸುಮಿತ್ ನಾಗಲ್, ಆಗ ದೇಶದ ನಂಬರ್ ಒನ್, ತನ್ನ ಬ್ಯಾಂಕ್ ಖಾತೆಯಲ್ಲಿ 900 ಯೂರೋ ಉಳಿದಿದೆ ಅಂತ ಹೇಳಿಕೊಂಡರು. ನಾಲ್ಕೇ ತಿಂಗಳಿಗೆ, 2024ರ ಜನವರಿಯಲ್ಲಿ, ಆಸ್ಟ್ರೇಲಿಯನ್ ಓಪನ್‌ನಲ್ಲಿ ಸೀಡೆಡ್ ಆಟಗಾರ (ರ್‍ಯಾಂಕಿಂಗ್ ನೋಡಿ ಟೂರ್ನಿಯಲ್ಲಿ ಮೊದಲೇ ಮೇಲಿಟ್ಟವರು) ಬುಬ್ಲಿಕ್‌ನನ್ನು ಸೋಲಿಸಿದರು. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಭಾರತದವರೊಬ್ಬರು ಸೀಡ್ ಇದ್ದವರನ್ನು ಸೋಲಿಸಿದ್ದು 35 ವರ್ಷದ ಮೇಲೆ. ಅದಕ್ಕೂ ಹಿಂದಿನವರು ಯಾರು ಗೊತ್ತಾ? ಮತ್ತೆ ರಮೇಶ್ ಕೃಷ್ಣನ್. 1989ರಲ್ಲಿ, ನಂಬರ್ ಒನ್ ಆಗಿದ್ದ ವಿಲಾಂಡರ್‌ನನ್ನು. ಕಾಕಾ, ಅದೂ ಗಟ್ಟಿ ಕೋರ್ಟೇ.

ಇನ್ನೊಂದು ಮಾತು. ನಮ್ಮ ಟೆನಿಸ್ ಸತ್ತಿಲ್ಲ, ಡಬಲ್ಸ್‌ಗೆ ಹೋಗಿ ಕೂತಿದೆ. ಪೇಸ್ ಮತ್ತು ಭೂಪತಿ 1999ರಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲಾಮ್ ಫೈನಲ್ ಆಡಿ ಎರಡು ಗೆದ್ದರು. ಸಾನಿಯಾ ಸಿಂಗಲ್ಸ್‌ನಲ್ಲಿ 27ನೇ ಸ್ಥಾನದವರೆಗೆ ಏರಿದ್ದಳು, ಮಣಿಕಟ್ಟಿಗೆ ಪೆಟ್ಟಾಗಿ ಆಮೇಲೆ ಡಬಲ್ಸ್‌ನಲ್ಲಿ ನಂಬರ್ ಒನ್ ಆದಳು. ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ನಂಬರ್ ಒನ್ ಆದರು. ಖುಷಿಯ ವಿಷಯವೇ. ಆದರೆ ಸಿಂಗಲ್ಸ್‌ನಲ್ಲಿ ಖರ್ಚು ತಡೆಯಲಾರದೆ 24-25 ವಯಸ್ಸಿಗೇ ಡಬಲ್ಸ್‌ಗೆ ತಿರುಗುವ ಹುಡುಗರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೌಲ್‌ಬಜಾರ್_ಕಿಂಗ್:

1974 ಮರೀಬೇಡಿ. ಕಲ್ಕತ್ತಾದಲ್ಲಿ ಆಸ್ಟ್ರೇಲಿಯಾ, ಪುಣೆಯಲ್ಲಿ ಸೋವಿಯತ್ ಯೂನಿಯನ್, ಇಬ್ಬರನ್ನೂ ಸೋಲಿಸಿ ಫೈನಲ್ ಮುಟ್ಟಿದ್ವಿ. ಎದುರಿಗೆ ದಕ್ಷಿಣ ಆಫ್ರಿಕಾ. ಅಲ್ಲಿನ ವರ್ಣಭೇದದ ಕಾರಣಕ್ಕೆ ನಮ್ಮ ದೇಶ ಆಡಲ್ಲ ಅಂತು. ಕಪ್ ಅವರಿಗೆ ಹೋಯಿತು. ನಾವು ಗೆಲ್ಲಬಹುದಿದ್ದ ಕಪ್ ಅದೊಂದೇ, ಮತ್ತು ಬಿಟ್ಟುಕೊಟ್ಟದ್ದು ಸರಿಯಾಗಿತ್ತು ಅಂತಲೇ ನನ್ನ ನಂಬಿಕೆ.

ಸಿರುಗುಪ್ಪ_ಟು_ಸ್ವೀಡನ್:

ಪ್ರಶ್ನೆ ಕೇಳಿದ ಅಣ್ಣನಿಗೆ ಥ್ಯಾಂಕ್ಸ್. ಕೆಲಸದ ಮೇಲೆ ಐದು ವರ್ಷ ಗೋಥೆನ್‌ಬರ್ಗ್‌ನಲ್ಲೇ ಇದ್ದೆ. ಆ ಫೈನಲ್ ನಡೆದ ಸ್ಕ್ಯಾಂಡಿನೇವಿಯಂ ಒಳಗೆ ಎಷ್ಟೋ ಸಲ ಹೋಗಿದ್ದೀನಿ. ಟೆನಿಸ್ ನೋಡಲು ಅಲ್ಲ, ಐಸ್ ಹಾಕಿ ನೋಡಲು. ಅಲ್ಲಿ ಎಲ್ಲರೂ ಹೋಗುವುದು ಅದಕ್ಕೇ. ಹಾಗಾಗಿ ಕ್ರಿಕೆಟ್ ಇಲ್ಲದಿದ್ದರೂ ಹಾಕಿ ಇದೆ, ಫುಟ್‌ಬಾಲ್ ಇದೆ. ಆದರೆ ಅವೆರಡೂ ಅವರ ಟೆನಿಸ್ ತಾರೆ ಬೋರ್ಗ್ ಕಾಲದಲ್ಲೂ ಇದ್ದವು, ಅದಕ್ಕೇ ಬೇರೆ ಆಟದ ಮೇಲೆ ಗೂಬೆ ಕೂರಿಸುವುದು ನನಗೆ ಸರಿ ಕಾಣಲ್ಲ.

ಬ್ಯೋನ್ ಬೋರ್ಗ್ ಅಪ್ಪನಿಗೆ ಒಂದು ಟೇಬಲ್ ಟೆನಿಸ್ ಟೂರ್ನಿಯಲ್ಲಿ ಟೆನಿಸ್ ಬ್ಯಾಟ್ ಬಹುಮಾನ ಬಂತು. ಅದನ್ನು ಮಗನಿಗೆ ಕೊಟ್ಟರು. ಹುಡುಗ ಸೋಡರ್‌ಟೇಲ್ಯೆ ಅನ್ನುವ ಊರಲ್ಲಿ ಗ್ಯಾರೇಜ್ ಬಾಗಿಲಿಗೆ ಗಂಟೆಗಟ್ಟಲೆ ಚೆಂಡು ಹೊಡೆಯುತ್ತಿದ್ದ. 1975ರಲ್ಲಿ ಸ್ವೀಡನ್ ಮೊದಲ ಡೇವಿಸ್ ಕಪ್ ಗೆದ್ದಾಗ ಅವನಿಗೆ 19. ಫ್ರೆಂಚ್ ಆರು, ವಿಂಬಲ್ಡನ್ ಐದು ಗೆದ್ದು 26ಕ್ಕೆ ಆಟ ಬಿಟ್ಟ. ಅವನನ್ನು ಟಿವಿಯಲ್ಲಿ ನೋಡಿ ಇಡೀ ದೇಶದ ಮಕ್ಕಳು ಬ್ಯಾಟ್ ಹಿಡಿದರು. ಆದರೆ ಬ್ಯಾಟ್ ಹಿಡಿದ ಮಕ್ಕಳಿಗೆ ಹೋಗಲು ಜಾಗ ಇತ್ತು, ಅದು ಮುಖ್ಯ. ಸಣ್ಣ ಸಣ್ಣ ಊರಲ್ಲೂ ಕ್ಲಬ್ಬು, ಚಳಿಗಾಲಕ್ಕೆ ಸೂರಿರುವ ಕೋರ್ಟು, ಕಲಿಸಲು ಊರಿನವರೇ. ವಿಲಾಂಡರ್ ಬಂದದ್ದು ವೆಕ್ಷೋ ಅನ್ನುವ ಊರಿಂದ, ಎಡ್ಬರ್ಗ್ ವೆಸ್ಟರ್ವಿಕ್‌ನಿಂದ. ಎರಡೂ ನಮ್ಮ ಬಳ್ಳಾರಿಗಿಂತ ಎಷ್ಟೋ ಚಿಕ್ಕವು.

80ರ ದಶಕದ ಶುರುವಿನಲ್ಲಿ ಒಂದು ಕಟ್ಟಡ ಕಂಪನಿ ನಾಲ್ಕು ಹುಡುಗರ ಖರ್ಚು ಹೊತ್ತುಕೊಂಡು ಒಬ್ಬ ಕೋಚ್ ಜೊತೆ ಊರೂರು ಕಳಿಸಿತು. ವಿಲಾಂಡರ್, ನೀಸ್ಟ್ರೋಮ್, ಯಾರಿಡ್, ಸಿಮೊನ್ಸನ್. ಒಟ್ಟಿಗೆ ಊಟ, ಒಟ್ಟಿಗೆ ಪ್ರಾಕ್ಟೀಸ್. ಒಬ್ಬ ಸೋತರೆ ಇನ್ನೊಬ್ಬನ ಪಂದ್ಯ ನೋಡಲು ಕೂರುತ್ತಿದ್ದ. ರಾಯಚೂರು ಅಮ್ಮ ಹೇಳಿದ ಆ ಒಂಟಿ ಓಡಾಟ ಅವರಿಗೆ ಇರಲಿಲ್ಲ. ನಮ್ಮಲ್ಲೂ ಮದ್ರಾಸಿನಲ್ಲಿ ಅಮೃತರಾಜ್ ಮನೆಯವರು ಹೀಗೇ ಹುಡುಗರನ್ನು ಮನೆಮಕ್ಕಳಂತೆ ಇಟ್ಟುಕೊಂಡು ತಯಾರು ಮಾಡಿದರು, ಪೇಸ್ ಬಂದದ್ದು ಅಲ್ಲಿಂದ.

ಆಮೇಲೆ ಅಲ್ಲಿ ಏನಾಯಿತು ಅಂದರೆ, ಒಂದೇ ಏಟಿಗೆ ಬಿದ್ದದ್ದಲ್ಲ. 1994, 1997, 1998ರಲ್ಲಿ ಮತ್ತೆ ಕಪ್ ಗೆದ್ದರು. ಆದರೆ ಕೆಳಗಿನಿಂದ ಬರುವವರು ಕಡಿಮೆಯಾಗಿದ್ದರು. ಗೆಲ್ಲುತ್ತಿರುವಾಗ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಅತ್ತ ಸೋವಿಯತ್ ಒಡೆದು, ಪೂರ್ವ ಯುರೋಪಿನ ದೇಶಗಳಿಂದ ಹಸಿದ ಹುಡುಗರು ಬಂದರು. ಸ್ಪೇನ್‌ನವರು ಮಣ್ಣಿನ ಮೇಲೆ ಹೊಸ ಪಾಠ ಕಲಿಸಿದರು. ಕೊನೆಗೆ ಉಳಿದವನು ರಾಬಿನ್ ಸೋಡರ್ಲಿಂಗ್. 2009ರಲ್ಲಿ ಫ್ರೆಂಚ್ ಓಪನ್‌ನಲ್ಲಿ ಅಲ್ಲಿಯ ತನಕ ಒಮ್ಮೆಯೂ ಸೋಲದ ನಡಾಲ್‌ನನ್ನು ಸೋಲಿಸಿದ. 2011ರ ಜುಲೈನಲ್ಲಿ ತನ್ನ ದೇಶದಲ್ಲೇ, ಬೋಸ್ಟಾಡ್‌ನಲ್ಲಿ, ಟೂರ್ನಿ ಗೆದ್ದ. ಆಮೇಲೆ ಸೋಂಕು ಜ್ವರ ಹಿಡಿದು ಮತ್ತೆ ಆಡಲೇ ಇಲ್ಲ. 26 ವಯಸ್ಸು. ಅವನ ಹಿಂದೆ ಸಾಲಾಗಿ ನಿಂತವರು ಯಾರೂ ಇರಲಿಲ್ಲ.

ನಾನಿದ್ದಾಗ, ಕೊರೋನಾ ಹೊತ್ತಿನಲ್ಲಿ, ಪ್ಯಾಡಲ್ ಅನ್ನುವ ಆಟದ ಹುಚ್ಚು ಬಂತು. ಗಾಜಿನ ಗೋಡೆಯ ಸಣ್ಣ ಕೋರ್ಟ್. ಸಂಜೆ ಆದರೆ ಆಫೀಸಿನವರೆಲ್ಲ ಅಲ್ಲೇ. ಟೆನಿಸ್ ಕೋರ್ಟ್ ಕೇಳಿದರೆ ಯಾವಾಗ ಬೇಕಾದರೂ ಸಿಗುತ್ತಿತ್ತು.

ಡ್ಯಾಂ_ಕಾಲೋನಿ_ಕಾಕಾ:

ರಾಯಚೂರು ತಾಯಿ, ನಿಮ್ಮ ಮಾತು ಒಪ್ಪಿದೆ. ಫ್ರೆಜ್ಯೂಸ್ ನನಗೆ ನೆನಪಿಗೇ ಬರಲಿಲ್ಲ. ಮೊನ್ನೆ 2025ರ ಸೆಪ್ಟೆಂಬರ್‌ನಲ್ಲಿ ಬೀಲ್‌ನಲ್ಲಿ ನಮ್ಮ ಹುಡುಗರು ಸ್ವಿಟ್ಜರ್ಲೆಂಡ್‌ನವರನ್ನು 3-1ರಿಂದ ಸೋಲಿಸಿದರಲ್ಲ, ಯುರೋಪಿನ ದೇಶವನ್ನು ಅವರ ನೆಲದಲ್ಲಿ ಸೋಲಿಸಿದ್ದು ಆ 1993ರ ಮೇಲೆ ಅದೇ ಮೊದಲು. ಅವತ್ತು ಬೆಳಿಗ್ಗೆ ವಾಕಿಂಗ್‌ನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ.

ಸಿರುಗುಪ್ಪ ತಮ್ಮ ಹೇಳಿದ ಸಣ್ಣ ಊರಿನ ಕ್ಲಬ್ಬು ನಮಗೂ ಇತ್ತು. ಕಾಲೋನಿಯಲ್ಲಿ ಒಬ್ಬ ಮಾರ್ಕರ್ ಇದ್ದ. ಬೆಳಿಗ್ಗೆ ಐದಕ್ಕೆ ಬಂದು ಕೋರ್ಟಿಗೆ ನೀರು ಹೊಡೆದು, ಕಲ್ಲಿನ ರೋಲರ್ ಎಳೆದು, ಒದ್ದೆ ಗೋಣಿಚೀಲ ಎಳೆದು ನೆಲ ಸಮ ಮಾಡಿ, ದಾರ ಕಟ್ಟಿ ಸುಣ್ಣದ ಗೆರೆ ಹಾಕುತ್ತಿದ್ದ. ವಾರಕ್ಕೊಮ್ಮೆ ಸಗಣಿ ನೀರು ಸಾರಿಸುತ್ತಿದ್ದ. ಆರಕ್ಕೆ ನಾವು ಹೋದರೆ ನೆಲದಿಂದ ತಂಪು ಏಳುತ್ತಿತ್ತು. ಎಂಟಾದರೆ ಬಿಸಿಲು, ಬ್ಯಾಟ್ ಕೆಳಗಿಡಬೇಕು. ಯಾರಿಗೂ ಜೊತೆ ಇಲ್ಲದಿದ್ದರೆ ಅವನೇ ಬರಿಗಾಲಲ್ಲಿ ನಿಂತು ಆಡುತ್ತಿದ್ದ, ನಮ್ಮಲ್ಲಿ ಯಾರೂ ಅವನನ್ನು ಸೋಲಿಸಿದ್ದು ನೆನಪಿಲ್ಲ. ಅವನು ನಿವೃತ್ತಿ ಆದ ಮೇಲೆ ಆ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ. ಎರಡು ಮಳೆಗಾಲಕ್ಕೆ ಕೋರ್ಟಿನಲ್ಲಿ ಜಾಲಿ ಬೆಳೆಯಿತು.

ಬಳ್ಳಾರಿ_ಗುಡ್ಡ:

ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಮಾರ್ಕರ್ ವಿಷಯ ಎರಡು ಸಲ ಓದಿಸಿದರು. ಇಲ್ಲಿಯ ಕ್ಲಬ್ಬಿನ ಮಾರ್ಕರ್ ಕೂಡ ಬರಿಗಾಲಲ್ಲೇ ಆಡುತ್ತಿದ್ದರಂತೆ. ಅಪ್ಪ ಆಡಿದ ಎರಡು ಕೋರ್ಟುಗಳಲ್ಲಿ ಒಂದರ ಮೇಲೆ ಈಗ ಕಾರು ನಿಲ್ಲಿಸುತ್ತಾರೆ, ಇನ್ನೊಂದರಲ್ಲಿ ಮದುವೆ ಸೀಸನ್ನಿಗೆ ಶಾಮಿಯಾನ. ನೆಟ್ಟಿನ ಕಬ್ಬಿಣದ ಕಂಬ ಒಂದು ಇನ್ನೂ ಹಾಗೇ ನಿಂತಿದೆ, ಅದಕ್ಕೆ ಲೈಟಿನ ವೈರ್ ಕಟ್ಟಿದ್ದಾರೆ.

ಈಗ ಇನ್ನೊಂದು ಪ್ರಶ್ನೆ. ಮಗಳು ಮೂರು ದಿನದಿಂದ ಕಾಂಪೌಂಡ್ ಗೋಡೆಗೆ ಚೆಂಡು ಹೊಡೆಯುತ್ತಿದ್ದಾಳೆ, ನಿಲ್ಲಿಸುತ್ತಲೇ ಇಲ್ಲ. ಅತ್ತೆಯವರ ಎರಡು ಖಾಲಿ ಸೈಟು ಅಕ್ಕಪಕ್ಕ ಇವೆ, ಎರಡೂ 40-60. ಸೇರಿಸಿದರೆ ಒಂದು ಕಡೆ 80 ಅಡಿ, ಇನ್ನೊಂದು ಕಡೆ 60. ಅಲ್ಲಿ ಕೋರ್ಟ್ ಮಾಡಬಹುದು ಅಂತ ಅಪ್ಪ ಹೇಳುತ್ತಿದ್ದಾರೆ. ಆಗುತ್ತಾ?

ರಾಯಚೂರು_ಅಮ್ಮ:

ದೊಡ್ಡವರ ಕೋರ್ಟ್ 78 ಅಡಿ ಉದ್ದ. ನಿಮ್ಮ ಜಾಗದಲ್ಲಿ ಗೆರೆ ಹಾಕಬಹುದು, ಆದರೆ ಗೆರೆಯ ಹಿಂದೆ ನಿಲ್ಲಲು ಜಾಗ ಉಳಿಯಲ್ಲ. ಹತ್ತು ವರ್ಷದ ಮಗುವಿಗೆ ಅದು ಬೇಡವೂ ಬೇಡ. ಆ ವಯಸ್ಸಿನವರಿಗೆ 60 ಅಡಿ ಕೋರ್ಟ್ ಸಾಕು, 21 ಅಡಿ ಅಗಲ. ಕಿತ್ತಳೆ ಬಣ್ಣದ ಮೆತ್ತನೆ ಚೆಂಡು ಸಿಗುತ್ತದೆ, ಅದರಲ್ಲೇ ಆಡಿಸಿ. ನನ್ನ ಮಗನನ್ನು ಆ ವಯಸ್ಸಿಗೇ ದೊಡ್ಡ ಕೋರ್ಟಿಗೆ, ಗಟ್ಟಿ ಚೆಂಡಿಗೆ ಇಳಿಸಿಬಿಟ್ಟಿದ್ದರು, ಭುಜ ನೋವು ಶುರುವಾಗಿದ್ದು ಅಲ್ಲಿಂದಲೇ. 80ರಲ್ಲಿ 60 ಹೋದರೆ ಎರಡೂ ಕಡೆ ಹತ್ತು ಹತ್ತು ಅಡಿ ಉಳಿಯುತ್ತದೆ, ಧಾರಾಳ.

ಡ್ಯಾಂ_ಕಾಲೋನಿ_ಕಾಕಾ:

ಮೊದಲು ಜಾಲಿ ಬೇರು ಪೂರ್ತಿ ಕೀಳಿಸಿ, ಇಲ್ಲದಿದ್ದರೆ ಮತ್ತೆ ಬರುತ್ತದೆ. ಮೇಲೆ ಸಣ್ಣ ಗರಸು ಹಾಕಿ ನೀರು ಕುಡಿಸಿ ರೋಲರ್ ಹೊಡೆಯಿರಿ, ಒಂದೇ ಸಲ ದಪ್ಪಗೆ ಹಾಕಬೇಡಿ, ತೆಳುವಾಗಿ ಮೂರು ಸಲ. ಮಳೆ ನೀರು ಹರಿಯಲು ಒಂದು ಕಡೆಗೆ ಸ್ವಲ್ಪ ಇಳಿಜಾರು ಇರಲಿ. ಉದ್ದ ಉತ್ತರ ದಕ್ಷಿಣ ಬರುತ್ತಾ ನೋಡಿ, ಇಲ್ಲದಿದ್ದರೆ ಬೆಳಗಿನ ಬಿಸಿಲು ಒಬ್ಬರ ಕಣ್ಣಿಗೇ ಹೊಡೆಯುತ್ತದೆ. ನಮ್ಮ ಕಾಲೋನಿಯ ಕಲ್ಲಿನ ರೋಲರ್ ಬೇವಿನ ಮರದ ಕೆಳಗೆ ಹಾಗೇ ಬಿದ್ದಿದೆ. ಕೇಳಿ ನೋಡುತ್ತೇನೆ. ಕೊಟ್ಟರೆ ಟ್ರ್ಯಾಕ್ಟರ್ ಕಳಿಸಿ.

ಬಳ್ಳಾರಿ_ಗುಡ್ಡ:

ಅಳೆದು ನೋಡಿದ್ವಿ ಕಾಕಾ, 80 ಅಡಿ ಉತ್ತರ ದಕ್ಷಿಣವೇ ಬರುತ್ತದೆ. ಟೇಪಿನ ಒಂದು ತುದಿ ಅಪ್ಪ ಹಿಡಿದಿದ್ದರು, ಇನ್ನೊಂದು ಮಗಳು. ಟ್ರ್ಯಾಕ್ಟರ್ ಯಾವತ್ತು ಕಳಿಸಲಿ ಹೇಳಿ.